ಆಚೆ ದಡದಲ್ಲಿ ನಡೆದ ಮದುವೆ

ಮಿಸ್ ವರ್ನೆಲ್ ರೋಡನ್ ಅವರ ಕಾರಿನ ಡಿಕ್ಕಿಯಲ್ಲಿ ಮಡಚುವ ಮೇಜು, ದೊಡ್ಡ ಕೊಡೆ, ಕಣ್ಣೊರೆಸಿಕೊಳ್ಳುವ ಕಾಗದದ ಡಬ್ಬಿ ಯಾವಾಗಲೂ ಇರುತ್ತಿದ್ದವು. ಮುದ್ರೆ ಮಾತ್ರ ಅಲ್ಲಿರುತ್ತಿರಲಿಲ್ಲ. ಅದು ಕಂದು ಚರ್ಮದ ಚೀಲದೊಳಗೆ, ಅವರ ಪಕ್ಕದ ಸೀಟಿನಲ್ಲಿ, ಮಗುವಿನ ಹಾಗೆ ಬೆಲ್ಟ್ ಬಿಗಿಸಿಕೊಂಡು ಕೂತಿರುತ್ತಿತ್ತು.

ಇಪ್ಪತ್ತಾರು ವರ್ಷ ಅವರು ನಮ್ಮೂರಿನ ಬ್ಯಾಂಕಿನಲ್ಲಿ ಕೂತು ಕಾಗದಗಳಿಗೆ ನೋಟರಿ ಮುದ್ರೆ ಒತ್ತಿದವರು. ಶಾಖೆ ಮುಚ್ಚಿದಾಗ ಮನೆಯಲ್ಲಿ ಒಂದು ವಾರ ಸುಮ್ಮನಿದ್ದು, ಎಂಟನೇ ದಿನ ಕಾರು ಹತ್ತಿದರು. ಆಮೇಲೆ ಆಸ್ಪತ್ರೆಯ ಮಂಚ, ಜೈಲಿನ ಭೇಟಿ ಕೋಣೆ, ಪೈನ್ ದಿಮ್ಮಿ ಹೊತ್ತ ಲಾರಿಯ ಬಾನೆಟ್ಟು, ಎಲ್ಲವೂ ಅವರಿಗೆ ಮೇಜೇ. ಫ್ಲಾರಿಡಾದಲ್ಲಿ ನೋಟರಿಯಾದವರು ಮದುವೆಯನ್ನೂ ಮಾಡಿಸಬಹುದು. ಚರ್ಚು ಬೇಡವೆನ್ನುವವರು, ಎರಡನೇ ಸಲ ಮದುವೆಯಾಗುತ್ತ ಪಾದ್ರಿಗೆ ಮುಖ ತೋರಿಸಲು ಹಿಂಜರಿಯುವವರು, ಬಾಗಿಲಲ್ಲಿ ನಿಂತು ನೋಡಲು ಅಜ್ಜಿಯೊಬ್ಬಳಿದ್ದರೆ ಸಾಕು ಎನ್ನುವವರು ಅವರಿಗೆ ಫೋನ್ ಮಾಡುತ್ತಿದ್ದರು.

ಅವರದು ಒಂದೇ ಹಟ. ಕಣ್ಣೆದುರು ನಡೆಯದ್ದಕ್ಕೆ ಮುದ್ರೆಯಿಲ್ಲ. ಒಮ್ಮೆ ಒಬ್ಬಾತ ಹೆಂಡತಿ ಸಹಿ ಮಾಡಿಯಾಗಿದೆ, ಕಾಲುನೋವೆಂದು ಟ್ರಕ್ಕಿನಲ್ಲೇ ಕೂತಿದ್ದಾಳೆ, ನೀವು ಒತ್ತಿಬಿಡಿ ಎಂದನಂತೆ. ಇವರು ಚೀಲ ಹಿಡಿದು ಮಳೆಯಲ್ಲಿ ಟ್ರಕ್ಕಿನ ತನಕ ನಡೆದರು. ಟ್ರಕ್ಕಿನಲ್ಲಿ ಇದ್ದದ್ದು ನಾಯಿ. "ನಿನ್ನ ಹೆಂಡತಿಗೆ ನಮಸ್ಕಾರ ಹೇಳಪ್ಪ," ಎಂದು ವಾಪಸು ಬಂದರು.

ಕೌಂಟಿ ಕಚೇರಿಯಲ್ಲಿ ಮದುವೆಯ ಕಾಗದ ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂರುವವಳು ನಾನು. ಹನ್ನೊಂದು ವರ್ಷದಲ್ಲಿ ಅವರು ತಂದ ಕಾಗದದಲ್ಲಿ ಒಂದು ಸಾಲೂ ಖಾಲಿ ಇದ್ದದ್ದು ನಾನು ಕಾಣೆ. ಒಂದು ಸಾಲು ತುಂಬದೆ ಅವರ ಕೈಯಲ್ಲೇ ಉಳಿದದ್ದು ಟ್ಯಾನ್ಸಿ ಕ್ರೂಸಳ ಮದುವೆಯದೊಂದೇ.

ಟ್ಯಾನ್ಸಿಯ ಅಪ್ಪ ಹೋಯ್ಟ್ ಕ್ರೂಸ್ ಇದ್ದದ್ದು ನದಿಯ ಆಚೆ, ಜಾರ್ಜಿಯಾದಲ್ಲಿ. ಮಗಳು ಈಚೆ, ಫ್ಲಾರಿಡಾದಲ್ಲಿ. ಎರಡು ರಾಜ್ಯಗಳಿಗೆ ನದಿಯೇ ಗಡಿ. ನಮ್ಮಲ್ಲಿ ಸೇಂಟ್ ಮೇರೀಸ್ ನದಿ ಅಷ್ಟೇನೂ ಅಗಲವಿಲ್ಲ. ಚಹಾದಂಥ ಕಪ್ಪು ನೀರು. ಈ ದಡದವರು ಬೈದರೆ ಆ ದಡದವರು ತಿರುಗಿ ಬೈಯಬಹುದು. ಹೋಯ್ಟ್‌ಗೆ ಶ್ವಾಸಕೋಶ ಸೋತಿತ್ತು. ಮಗಳ ಮದುವೆ ನೋಡುವುದೊಂದೇ ಆಸೆ. ಈಚೆ ದಡದ ಕಟ್ಟೆಯ ಮೇಲೆ ಶನಿವಾರ ಮದುವೆಯೆಂದು ನಿಶ್ಚಯವಾಯಿತು. ಅವನನ್ನು ಚಪ್ಪಟೆ ದೋಣಿಯಲ್ಲಿ ದಾಟಿಸಿ ತರುವುದೆಂದೂ ಮಾತಾಯಿತು.

ಆದರೆ ಅಂದು ಅವನನ್ನು ದೋಣಿಗೆ ಹತ್ತಿಸಲು ಆಗಲಿಲ್ಲ. ಎತ್ತಿದರೆ ಉಸಿರು ಕಟ್ಟುತ್ತಿತ್ತು. ಆಚೆ ಮರಳಿನ ಮೇಲೆ ಕುರ್ಚಿ ಹಾಕಿ ಕೂರಿಸಿದರು. ಈಚೆ ದಡದಲ್ಲಿ ಮೂವತ್ತು ಜನ ನಿಂತು ನೋಡುತ್ತಿದ್ದರು. ಆಗ ಯಾರೋ, ಅವನು ಬರದಿದ್ದರೇನಂತೆ, ನಾವೇ ಹೋಗೋಣ ಎಂದರು. ಅಷ್ಟು ಒಳ್ಳೆಯ ಮಾತು ಅದು. ಮೂರು ದೋಣಿಯಲ್ಲಿ ಮೂವತ್ತು ಜನ, ಕೇಕು, ಬೇಯಿಸಿದ ಕಡಲೆಕಾಯಿಯ ಪಾತ್ರೆ ಎಲ್ಲ ದಾಟಿದವು. ಚೀಲವನ್ನು ಎದೆಗವಚಿಕೊಂಡು ಮಿಸ್ ವರ್ನೆಲ್ ಕೂಡ ದಾಟಿದರು. ಅವರ ಕಣ್ಣೆಲ್ಲ ಹೋಯ್ಟ್‌ನ ಉಸಿರಿನ ಮೇಲಿತ್ತು. ಮಂತ್ರದ ಮಾತುಗಳನ್ನು ಆ ಉಸಿರು ಹಿಡಿಯುವಷ್ಟು ಚಿಕ್ಕದು ಮಾಡಿ ಹೇಳಿದರು. ಮದುಮಗ ವೇಡ್ ಉಂಗುರ ತೊಡಿಸಿದಾಗ ಹೋಯ್ಟ್ ಕೈ ಎತ್ತಿ ಒಂದು ಬೆರಳು ಆಡಿಸಿದ.

ಮರುದಿನ ಬೆಳಿಗ್ಗೆ ಹೋಯ್ಟ್ ತೀರಿಕೊಂಡ. ಆ ಸುದ್ದಿ ಬರುವ ಹೊತ್ತಿಗೆ ಮಿಸ್ ವರ್ನೆಲ್ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು, ಮದುವೆ ನಡೆದ ಸ್ಥಳ ಎಂಬ ಸಾಲಿನ ಮೇಲೆ ಪೆನ್ನು ಹಿಡಿದಿದ್ದರು.

ಫ್ಲಾರಿಡಾ ಕೊಟ್ಟ ಮುದ್ರೆಗೆ ನದಿಯ ನಡುವಿನ ತನಕ ಮಾತ್ರ ಜೀವ. ಆಚೆ ಮರಳಿನಲ್ಲಿ ಅವರು ಬರೀ ಒಬ್ಬ ಮುದುಕಿ. ಅಂದರೆ ಹೋಯ್ಟ್ ನೋಡಿ ಕಣ್ಮುಚ್ಚಿದ್ದು ಮದುವೆಯೇ ಅಲ್ಲ.

ಮದುವೆಯಾದ ಹತ್ತು ದಿನದೊಳಗೆ ಕಾಗದ ನನ್ನ ಕಿಟಕಿಗೆ ಬರಬೇಕು. ಸೋಮವಾರ ಅವರು ಬಂದರು, ಕಾಗದ ತಂದಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದರು. ನಾನು ದನಿ ತಗ್ಗಿಸಿ, ಈಚೆ ಕಟ್ಟೆಯ ಹೆಸರು ಬರೆದುಬಿಡಿ, ನೋಡಿದ ಮೂವತ್ತು ಜನರಲ್ಲಿ ಒಬ್ಬರಿಗೂ ಇದು ಹೊಳೆದಿಲ್ಲ, ಯಾರು ಬಂದು ಅಳೆಯುತ್ತಾರೆ ಎಂದೆ. ಅವರು ನನ್ನ ಮೇಜಿನ ಗಡಿಯಾರವನ್ನು ನೋಡಿ ಹೊರಟುಹೋದರು.

ಬುಧವಾರ ಅಂತ್ಯಕ್ರಿಯೆ. ಎಲ್ಲರಂತೆ ಅವರೂ ಮೆಕರೋನಿ ಮಾಡಿ ತಂದಿಟ್ಟು, ಹಿಂದಿನ ಸಾಲಿನಲ್ಲಿ ಕೂತಿದ್ದರು. ಟ್ಯಾನ್ಸಿ ಬಂದವರಿಗೆಲ್ಲ, ಅಪ್ಪ ನನ್ನ ಮದುವೆ ನೋಡ್ಕೊಂಡೇ ಹೋದ್ರು ಎಂದು ಹೇಳುತ್ತಿದ್ದಳು. ಅದೊಂದೇ ಅವಳ ಊರುಗೋಲು. ಅದು ಕಿವಿಗೆ ಬಿದ್ದಷ್ಟು ಸಲವೂ ಮಿಸ್ ವರ್ನೆಲ್ ತಲೆ ತಗ್ಗಿಸುವುದನ್ನು ಕಂಡೆ. ಬರೆದೇಬಿಡುತ್ತಾರೆ ಅಂದುಕೊಂಡೆ.

ಎಂಟನೇ ದಿನ ಅವರು ಟ್ಯಾನ್ಸಿಯ ಮನೆಗೆ ಹೋದರು. ಅವಳು ಅಪ್ಪನ ಅಂಗಿಗಳನ್ನು ಮಡಚುತ್ತಿದ್ದಳಂತೆ. ನಿಂತೇ ಹೇಳಿದರಂತೆ.

"ಹಾಗಾದ್ರೆ ಅಪ್ಪ ನೋಡಿದ್ದೇನು, ಮಿಸ್ ವರ್ನೆಲ್?"

ತಪ್ಪು ನನ್ನದು ಮಗಳೇ, ನಿಮ್ಮದಲ್ಲ ಎಂದಷ್ಟೇ ಹೇಳಿದರು.

"ಒಂದು ಸಾಲು. ಬರೆದುಬಿಟ್ಟಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

"ಹೌದು, ಗೊತ್ತಾಗ್ತಿರ್ಲಿಲ್ಲ. ನಂಗೆ ಗೊತ್ತಿರ್ತಿತ್ತು. ನಾಳೆ ನಿನ್ನ ಮನೆ, ನಿನ್ನ ಮಕ್ಕಳು, ಎಲ್ಲ ಈ ಕಾಗದದ ಮೇಲೆ ನಿಲ್ಲೋದು. ಅದ್ರ ಕೆಳಗೆ ನಾನು ಸುಳ್ಳು ಇಡೋಕಾಗಲ್ಲ."

ಟ್ಯಾನ್ಸಿ ಬಾಗಿಲು ತೋರಿಸಿದಳು. ಕಾರಿನ ತನಕ ಬಂದ ವೇಡ್, ಅವಳು ಸಿಟ್ಟಲ್ಲಿದ್ದಾಳೆ ಅಮ್ಮ, ಮದುವೆ ಆಗೋಕೆ ಕೊಟ್ಟ ಪರ್ಮಿಟ್ಟು ಇನ್ನೂ ಒಂದು ತಿಂಗಳಿದೆ ಅಲ್ವಾ ಎಂದ. ಇದೆ ಎಂದರು.

ಮರುದಿನ ಮಧ್ಯಾಹ್ನ ಫೋನ್ ಬಂತು. ನಾಲ್ಕು ಗಂಟೆಗೆ, ಈಚೆ ಕಟ್ಟೆ. ಸಾಕ್ಷಿಗೆಂದು ನನ್ನನ್ನೂ ಕರೆದೊಯ್ದರು. ಟ್ಯಾನ್ಸಿ ಕೋಳಿ ಫಾರ್ಮಿನ ಕೆಲಸ ಮುಗಿಸಿ ಅದೇ ಬೂಟಿನಲ್ಲಿ ಬಂದಿದ್ದಳು. ನಮ್ಮಿಬ್ಬರ ಮುಖ ನೋಡಲಿಲ್ಲ. ಎದುರು ದಡದ ಮರಳಿನಲ್ಲಿ ಹೋಯ್ಟ್‌ನ ಕುರ್ಚಿ ಹಾಗೇ ಇತ್ತು. ಅದನ್ನು ಒಳಗೆ ತರಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಒಂದು ಕಾಲು ಹೂತು ಸ್ವಲ್ಪ ವಾಲಿತ್ತು.

ಮಿಸ್ ವರ್ನೆಲ್ ಮಂತ್ರದ ಮಾತುಗಳ ಪುಸ್ತಕ ತೆರೆದರು. ಟ್ಯಾನ್ಸಿ ಕೈಯೆತ್ತಿ ತಡೆದು, ಶನಿವಾರ ಹೇಳಿದ್ದನ್ನೇ ಹೇಳಿ ಎಂದಳು. ಅವರು ಪುಸ್ತಕ ಮುಚ್ಚಿ, ಅವೇ ಚಿಕ್ಕ ಚಿಕ್ಕ ಮಾತುಗಳನ್ನು, ಉಸಿರು ಸಾಲದವನೊಬ್ಬ ಕೇಳುತ್ತಿದ್ದಾನೆ ಎಂಬಂತೆ ನಡುನಡುವೆ ನಿಲ್ಲಿಸಿ ಹೇಳಿದರು. ಟ್ಯಾನ್ಸಿ ಕುರ್ಚಿಯ ಕಡೆ ಮುಖ ಮಾಡಿ ಒಪ್ಪಿಗೆ ಕೊಟ್ಟಳು.

ಕಾಗದದ ಸಾಲು ತುಂಬಿತು. ಮುದ್ರೆ ಬಿತ್ತು.

"ವಾರ್ಷಿಕೋತ್ಸವ ಯಾವತ್ತು ಮಾಡೋದು?" ವೇಡ್ ಕೇಳಿದ.

"ಕಾಗದಕ್ಕೆ ಇವತ್ತು," ಎಂದರು ಮಿಸ್ ವರ್ನೆಲ್.

"ಕೇಕಿಗೆ ಶನಿವಾರ," ಎಂದಳು ಟ್ಯಾನ್ಸಿ. ಆಮೇಲೆ ಕಟ್ಟೆಗೆ ಕಟ್ಟಿದ್ದ ದೋಣಿಯ ಕಡೆ ನಡೆದು, "ಕುರ್ಚಿ ತರೋಕೆ ಹೋಗ್ತಿದೀನಿ. ಬರ್ತೀರಾ?" ಎಂದಳು.

ವೇಡ್ ಹಗ್ಗ ಬಿಚ್ಚಿದ. ಮಿಸ್ ವರ್ನೆಲ್ ದೋಣಿಗೆ ಒಂದು ಕಾಲಿಟ್ಟವರು ನಿಂತು, ಹಿಂದಿರುಗಿ, ಚರ್ಮದ ಚೀಲವನ್ನು ಭುಜದಿಂದ ತೆಗೆದು ನನ್ನ ಕೈಗೆ ಕೊಟ್ಟರು. ನಂತರ ಟ್ಯಾನ್ಸಿ ಚಾಚಿದ ಕೈ ಹಿಡಿದು ಇಳಿದು ಕೂತರು. ಅವರು ಆ ಕುರ್ಚಿಯನ್ನು ಮರಳಿನಿಂದ ಕಿತ್ತು, ದೋಣಿಯಲ್ಲಿ ನೆಟ್ಟಗೆ ಇಟ್ಟುಕೊಂಡು ವಾಪಸು ಬರುವ ತನಕ ನಾನು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದೆ.