ಅತ್ತೆಯ ಅಂಗೈ, ಅಶ್ವಗಂಧ ಮತ್ತು ಒಂದು ಸಣ್ಣ ಮಾತ್ರೆ

ಥೈರಾಯ್ಡಿನ ಮಾತ್ರೆಯನ್ನು ರೂಪಿಸಿದ ಮಹಾನುಭಾವರಿಗೆ ಮೊಸಾಯಿಕ್ ನೆಲದ ಪರಿಚಯ ಇರಲಿಲ್ಲವೆಂದು ಕಾಣುತ್ತದೆ. ಇದ್ದಿದ್ದರೆ, ಅಷ್ಟು ಸಣ್ಣ ಬಿಳಿಯ ವಸ್ತುವನ್ನು ಬಿಳಿ ಚುಕ್ಕಿಗಳ ನೆಲವಿರುವ ನಮ್ಮಂಥವರ ಮನೆಗಳಿಗೆ ಕಳಿಸುವ ಮುನ್ನ ಕೆಂಪೋ ಹಸಿರೋ ಒಂದು ಬಣ್ಣ ಬಳಿಯುವ ಕರುಣೆ ತೋರುತ್ತಿದ್ದರು. ತೊಂಬತ್ತರ ದಶಕದ ನಡುವೆ, ಬ್ರೂಕ್‌ಫೀಲ್ಡಿನ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ, ಅತ್ತೆಯ ಕೈಯಿಂದ ಜಾರಿದ ಮಾತ್ರೆಗಾಗಿ ನಾನೂ ನಮ್ಮವರೂ ಮಂಡಿಯೂರಿ ತೆವಳುವುದನ್ನು ಯಾರಾದರೂ ಕಿಟಕಿಯಿಂದ ಕಂಡಿದ್ದರೆ ಇದಾವುದೋ ಹೊಸ ವ್ರತವೆಂದೇ ಭಾವಿಸುತ್ತಿದ್ದರು. ಕೆಳಗೆ ದೊಡ್ಡನೆಕ್ಕುಂದಿಯ ಕಾರ್ಖಾನೆಯ ಬಸ್ಸು ಹಾರ್ನ್ ಹೊಡೆದು ಹೊಡೆದು ದಣಿಯುತ್ತಿತ್ತು. ನಮ್ಮವರು ಅರ್ಧ ಇಸ್ತ್ರಿ ಕೆಟ್ಟ ಪ್ಯಾಂಟಿನಲ್ಲೇ ಓಡುತ್ತಿದ್ದರು.

ಅತ್ತೆ ದಾವಣಗೆರೆಯವರು. ಬೆಳಗಿನ ಸ್ನಾನ ಮುಗಿಸಿ, ಹಣೆಗೆ ವಿಭೂತಿಯ ಮೂರು ಗೆರೆ ಎಳೆದು, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಪೂಜೆ ಮಾಡುವವರೆಗೆ ಹನಿ ನೀರೂ ಅವರ ಗಂಟಲಿಗೆ ಇಳಿಯದು. ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಬೇಕೆಂದು ಡಾಕ್ಟರಮ್ಮ ಹೇಳಿದಾಗ ಅವರು ಸಂತೋಷವಾಗಿಯೇ ತಲೆಯಾಡಿಸಿದ್ದರು. ಏಕೆಂದರೆ ಅವರ ಲೆಕ್ಕದಲ್ಲಿ ಲಿಂಗಕ್ಕೆ ನೈವೇದ್ಯವಾದ ಹಾಲು ಆಹಾರವಲ್ಲ, ಪ್ರಸಾದ. ಪ್ರಸಾದದಿಂದ ಹೊಟ್ಟೆ ತುಂಬಿತೆನ್ನುವವರುಂಟೇ? ಆ ಹಾಲಿಗೆ ತಮ್ಮೂರಿನ ಪಂಡಿತರು ಶಕ್ತಿಗೆಂದು ಕೊಟ್ಟ ಅಶ್ವಗಂಧದ ಪುಡಿಯನ್ನು ಕದಡಿ, ಅದರೊಂದಿಗೆ ಮಾತ್ರೆಯನ್ನು ನುಂಗಿ, ಖಾಲಿ ಹೊಟ್ಟೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ನೆಮ್ಮದಿಯಲ್ಲಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು.

ನಾನೋ ಕಾನ್ವೆಂಟಿನಲ್ಲಿ ಓದಿದವಳು. ಎಂದೂ ಕಣ್ಣಾರೆ ಕಾಣದ ಇಂಗ್ಲೆಂಡಿನ ಹೂಗಳ ಹೆಸರುಗಳನ್ನು ಬಾಯಿಪಾಠ ಮಾಡಿದ್ದ ನನಗೆ ಅಶ್ವಗಂಧವೆಂದರೆ ಲಾಯದ ನೆನಪಾಗಿ ಮೂಗು ಮುಚ್ಚಿಕೊಳ್ಳುವಷ್ಟೇ ಪಾಂಡಿತ್ಯ. ಆದರೆ ಶಾಲೆಯ ಸಿಸ್ಟರುಗಳು ಒಂದು ವಿದ್ಯೆಯನ್ನು ಮಾತ್ರ ಬೆರಳಿಗೆ ಸ್ಕೇಲಿನಿಂದ ತಟ್ಟಿ ಕಲಿಸಿದ್ದರು: ಪುಟದ ಅಂಚಿಗೆ ನೇರವಾದ ಗೆರೆ ಎಳೆಯುವುದು. ಸೊಟ್ಟ ಗೆರೆ ಕಂಡರೆ ಇವತ್ತಿಗೂ ನನ್ನ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಈ ನಿರುಪಯುಕ್ತ ವಿದ್ಯೆ ಅತ್ತೆಯ ಹಣೆಯ ಮೇಲೆ ಉಪಯೋಗಕ್ಕೆ ಬಂದೀತೆಂದು ಸಿಸ್ಟರುಗಳಾಗಲಿ ನಾನಾಗಲಿ ಊಹಿಸಿರಲಿಲ್ಲ.

ಮಾತ್ರೆ ನುಂಗಿದರೂ ಅತ್ತೆಯ ಆಯಾಸ ಇಳಿಯದಿದ್ದಾಗ ಡಾಕ್ಟರಮ್ಮ ಪ್ರಮಾಣವನ್ನು ಹೆಚ್ಚಿಸಿದರು. ಆಮೇಲೆ ಮಳೆಗಾಲ ಬಂತು, ಅದರ ಹಿಂದೆ ಕೆಮ್ಮು ಬಂತು. ಕೆಮ್ಮಿಗೆ ಹಾಲು ಆಗದೆಂದು ಅತ್ತೆ ನೈವೇದ್ಯಕ್ಕೆ ಕಲ್ಲುಸಕ್ಕರೆ ಇಟ್ಟರು. ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ನೆಕ್ಕತೊಡಗಿದರು. ಮಾತ್ರೆಗೆ ನೀರು ಸಾಕೆಂದರು. ಎಷ್ಟು ಸಣ್ಣ ಬದಲಾವಣೆ! ಹಾಲಿನವನಿಗೆ ಒಂದು ಪ್ಯಾಕೆಟ್ ಕಡಿಮೆ ಎಂದು ಹೇಳಿದ್ದು ಬಿಟ್ಟರೆ ಮನೆಯಲ್ಲಿ ಅದೊಂದು ಸುದ್ದಿಯೇ ಆಗಲಿಲ್ಲ.

ಸುದ್ದಿ ಆದದ್ದು ಬೇರೆಯೇ. ನಾನು ಸ್ವೆಟರ್ ಹಾಕಿಕೊಂಡು ನಡುಗುವ ಮಳೆಯಲ್ಲಿ ಅತ್ತೆ ಫ್ಯಾನಿನ ಕೆಳಗೆ ಕುಳಿತು ಬೀಸಣಿಗೆಯನ್ನೂ ಕೇಳುತ್ತಿದ್ದರು. ಎಂದೋ ಒಮ್ಮೆ ಬೀಳುತ್ತಿದ್ದ ಮಾತ್ರೆ ಮೇಲಿಂದ ಮೇಲೆ ಬೀಳತೊಡಗಿತು. ನಾನು ನೆಲವನ್ನು ಬೈದೆನೇ ಹೊರತು ಕೈಯನ್ನು ನೋಡಲಿಲ್ಲ. ಒಂದು ಬೆಳಿಗ್ಗೆ ಮಾತ್ರ ಅವರ ಹಣೆಯ ಗೆರೆಗಳು, ಸಾಲು ತಪ್ಪಿದ ಕಾಪಿಪುಸ್ತಕದ ಹಾಗೆ, ಅಲೆಯಲೆಯಾಗಿ ಕಂಡವು. ಕುತೂಹಲ ತಡೆಯದೆ ಪೂಜೆಯ ಕೋಣೆಯ ಬಾಗಿಲಲ್ಲಿ ನಿಂತೆ. ಅಂಗೈಯ ಮೇಲಿನ ಲಿಂಗ ಅದುರುತ್ತಿತ್ತು. ಇಟ್ಟ ಬಿಲ್ವದ ಎಲೆ ಜಾರುತ್ತಿತ್ತು. ಅತ್ತೆ ಎಡಗೈಯ ಮಣಿಕಟ್ಟನ್ನು ಬಲಗೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದರು.

"ಅತ್ತೆ, ಕೈ ಯಾಕೆ ಹೀಗೆ ನಡುಗ್ತಿದೆ?"

"ವಯಸ್ಸಾತಲ್ಲವ್ವಾ. ಎದೀನೂ ಡವಡವ ಅಂತೈತಿ. ನಾಳಿಂದ ತಟ್ಟೇಲಿಟ್ಟು ಪೂಜಿ ಮಾಡ್ತೀನಿ ಬಿಡು. ಈ ಕೈ ಸಾಕಾಗೇತಿ ಅನ್ಸತ್ತೆ ಶಿವಂಗೆ."

ನಗುತ್ತಲೇ ಅಂದರು. ಆದರೆ ಬಾಲ್ಯದಲ್ಲಿ ಕೊರಳಿಗೆ ಬಂದಂದಿನಿಂದ ಆ ಲಿಂಗಕ್ಕೆ ಪೂಜೆಯ ಹೊತ್ತಿಗೆ ಆ ಅಂಗೈಯಲ್ಲದೆ ಬೇರೆ ಪೀಠವಿರಲಿಲ್ಲ. ಅದು ಕೈಜಾರಿ ಬಿದ್ದರೆ ಎಂಬ ಭಯವನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹಿಡಿದ ಮಣಿಕಟ್ಟು ಹೇಳುತ್ತಿತ್ತು. ಆ ದಿನವೇ ಅಶ್ವಗಂಧದ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು, ಆಟೋದಲ್ಲಿ ಅವರನ್ನು ಡಾಕ್ಟರಮ್ಮನ ಬಳಿಗೆ ಕರೆದೊಯ್ದೆ.

"ಈ ಮಾತ್ರೆ ಬಿಟ್ಟು ಬೇರೆ ಔಷಧಿ ಏನಾದ್ರೂ ತಗೋತಿದ್ದೀರಾ ಅಮ್ಮಾ?"

"ಏನೂ ಇಲ್ರೀ."

"ಅತ್ತೆ, ಅಶ್ವಗಂಧ?" ಎಂದೆ ಮೆಲ್ಲಗೆ.

"ಅದು ಔಷಧೀನಾ? ಬೇರು! ಬೇರೂ ಲೆಕ್ಕಕ್ಕೆ ಬಂದ್ರೆ ನಿನ್ನೆ ಸಾರಿನ ಮೂಲಂಗೀನೂ ಹೇಳಿಬಿಡು ನೀನು."

ಡಾಕ್ಟರಮ್ಮ ನಕ್ಕರು. ಮೊದಲು ಮಾತ್ರೆ ಇಳಿಯುತ್ತಿದ್ದುದು ಹಾಲಿನೊಂದಿಗೆ, ಕೆಮ್ಮು ಬಂದ ಮೇಲೆ ನೀರಿನೊಂದಿಗೆ ಎಂಬುದನ್ನೂ ನನ್ನಿಂದ ಕೇಳಿ, ನಗುತ್ತಲೇ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಫಲಿತಾಂಶ ಬಂದಾಗ ಮಾತ್ರ ನಗಲಿಲ್ಲ.

"ಹಾರ್ಮೋನು ವಿಪರೀತ ಆಗಿದೆ. ಮೊದಲು ಹಾಲು ಮಾತ್ರೇನ ಪೂರ್ತಿ ಮೈಗೆ ಹತ್ತೋಕೆ ಬಿಡ್ತಿರಲಿಲ್ಲ. ಅದು ಗೊತ್ತಿಲ್ದೆ ನಾನು ಜಾಸ್ತಿ ಮಾಡ್ದೆ. ಈಗ ಹಾಲು ಹೋಯ್ತು, ಜಾಸ್ತಿ ಮಾತ್ರೆ ಉಳೀತು. ಅಶ್ವಗಂಧನೂ ಥೈರಾಯ್ಡನ್ನ ಎಬ್ಬಿಸಬಹುದು. ಯಾರ ಪಾಲು ಎಷ್ಟು ಅಂತ ನಾನೂ ಹೇಳಲಾರೆ. ಸದ್ಯಕ್ಕೆ ಪುಡಿ ನಿಲ್ಸಿ. ಮಾತ್ರೆ ಪ್ರಮಾಣ ನಾನು ಇಳಿಸ್ತೀನಿ, ನೀವಾಗಿ ಏನೂ ಮಾಡ್ಬೇಡಿ. ಕೆಲವು ವಾರ ಬಿಟ್ಟು ಮತ್ತೆ ರಕ್ತ ನೋಡೋಣ."

"ಪೂಜಿ ಮುಂಚೆ ನಾನು ಏನೂ ಮುಟ್ಟಂಗಿಲ್ಲ ನೋಡ್ರೀ," ಅತ್ತೆ ಮೊದಲೇ ಬೇಲಿ ಹಾಕಿದರು.

"ಪೂಜೆ ಆದ್ಮೇಲೇ ತಗೊಳ್ಳಿ. ಬರೀ ನೀರಲ್ಲಿ. ಆಮೇಲೆ ಒಂದು ಗಂಟೆ ಹಾಲೂ ಇಲ್ಲ, ಕಾಫೀನೂ ಇಲ್ಲ. ದಿನಾ ಒಂದೇ ಥರ ಇದ್ರೆ ಸಾಕು."

ಅತ್ತೆಗೆ ಸಮಾಧಾನವಾಗಲಿಲ್ಲ. ಪಂಡಿತರು ಕೊಟ್ಟದ್ದನ್ನು ಪಂಡಿತರೇ ನಿಲ್ಲಿಸಬೇಕು. ಸರಿ, ಕುಂದಲಹಳ್ಳಿ ಗೇಟಿನ ಎಸ್‌ಟಿಡಿ ಬೂತಿಗೆ ಹೋದೆವು. ಗಾಜಿನ ಬಾಗಿಲಾಚೆ ನಿಂತಿದ್ದ ನನಗೂ ದಾವಣಗೆರೆಯ ಪಂಡಿತರ ಗುಡುಗು ಕೇಳಿಸಿತು: "ಇಂಗ್ಲಿಷ್ ಮಾತ್ರೆ ನುಂಗ್ತೀನಿ ಅಂತ ನನಗ್ಯಾಕೆ ಹೇಳ್ಲಿಲ್ಲ ತಾಯಿ? ಮೊದ್ಲು ಪುಡಿ ನಿಲ್ಲಿಸ್ರಿ! ಆಮೇಲೂ ನಿಮ್ಮ ಡಾಕ್ಟರನ್ನ ಕೇಳದೆ ಮುಟ್ಟಬ್ಯಾಡ್ರಿ!" ಹೊರಬಂದ ಅತ್ತೆಯ ಮುಖದಲ್ಲಿ, ತಮ್ಮನ್ನು ಕೇಳದೆಯೇ ಎರಡು ಮನೆತನಗಳು ಸಂಬಂಧ ಬೆಳೆಸಿದ ಬೆರಗಿತ್ತು.

ನೋಡಿ, ಎಷ್ಟು ವಿಚಿತ್ರ. ಎರಡು ವೈದ್ಯಗಳೂ ಅತ್ತೆಯ ಹೊಟ್ಟೆಯಲ್ಲಿ ದಿನವೂ ಭೇಟಿಯಾಗುತ್ತಿದ್ದವು. ಕೊಟ್ಟ ಇಬ್ಬರಿಗೆ ಮಾತ್ರ ಪರಸ್ಪರರ ಸುಳಿವೇ ಇರಲಿಲ್ಲ. ಜಗಳವಾಡುತ್ತಾರೆಂದು ನಾವು ಯಾರನ್ನು ದೂರ ಇಟ್ಟಿದ್ದೆವೋ ಅವರು ಮೊದಲ ಮಾತಿಗೇ ಒಪ್ಪಿಕೊಂಡರು. ಬೇರಿಗೂ ಬಲವಿದೆಯೆಂದು ನಂಬುವವರು, ಆ ಬಲ ಒಮ್ಮೊಮ್ಮೆ ನಮ್ಮನ್ನೇ ಅಲುಗಿಸೀತೆಂದೂ ನಂಬಬೇಕಲ್ಲವೇ?

ನಡುಕ ಒಮ್ಮೆಲೇ ಹೋಗಲಿಲ್ಲ. ಕೆಲವು ವಾರ ಅತ್ತೆ ಹಟ ಹಿಡಿದು, ತಟ್ಟೆ ಬೇಡವೆಂದು, ಮೊಣಕೈಯನ್ನು ತೊಡೆಗೆ ಊರಿಕೊಂಡೇ ಪೂಜೆ ಮಾಡಿದರು. ನಾನು ಬಾಗಿಲಲ್ಲಿ ಸುಮ್ಮನೆ ಹೂ ಕಟ್ಟುವ ನೆಪದಲ್ಲಿ ಕೂರುತ್ತಿದ್ದೆ. ಮೊದಲು ಬಿಲ್ವ ಜಾರುವುದು ನಿಂತಿತು. ಆಮೇಲೊಂದು ದಿನ ಬಲಗೈ ಮಣಿಕಟ್ಟನ್ನು ಬಿಟ್ಟಿತು. ಹಣೆಯ ಗೆರೆಗಳನ್ನು ಕಂಡಿದ್ದರೆ ಸಿಸ್ಟರುಗಳು ಪೂರ್ತಿ ಅಂಕ ಕೊಡುತ್ತಿದ್ದರು.

ಈಗ ಪೂಜೆ ಮುಗಿದು ಲಿಂಗ ಕೊರಳಿಗೆ ಮರಳಿದ ಮೇಲೆ, ಅದೇ ಎಡ ಅಂಗೈ ಚಾಚುತ್ತಾರೆ. ನಾನು ಮಾತ್ರೆ ಇಡುತ್ತೇನೆ. ಅವರು ನೀರಿನ ಲೋಟ ಎತ್ತಿಕೊಳ್ಳುವವರೆಗೂ ಆ ಬಿಳಿಯ ಚುಕ್ಕೆ ಇಟ್ಟಲ್ಲಿಂದ ಕದಲುವುದಿಲ್ಲ. ಆದರೂ ನನ್ನ ಕಣ್ಣು, ಹಳೆಯ ಅಭ್ಯಾಸ, ಒಮ್ಮೆ ನೆಲದ ಮೇಲೆ ಹೊರಳುತ್ತದೆ.

"ಅಲ್ಲೇನು ಹುಡುಕ್ತೀಯವ್ವಾ? ಇಲ್ಲೈತಿ ನೋಡು," ಎನ್ನುತ್ತಾರೆ ಅತ್ತೆ, ಅಂಗೈಯನ್ನು ಇನ್ನಷ್ಟು ಮುಂದೆ ಚಾಚಿ.