ಸಾಮಾನು ತಂದೀಯೇನು?

"ಸಾಮಾನ್ ಲಾಯಾ ಕ್ಯಾ?"

ಮುಂಬೈಗೆ ಬಂದ ಒಂಬತ್ತನೆಯ ದಿನ ಭಾಂಡುಪಿನ ಗ್ಯಾರೇಜಿನವನು ಕೇಳಿದ ಈ ಪ್ರಶ್ನೆಗೆ ನಾನು ಪ್ರಾಮಾಣಿಕವಾಗಿಯೇ ಉತ್ತರಿಸಿದೆ: ಒಂದು ಸೂಟ್‌ಕೇಸ್, ಒಂದು ಹಾಸಿಗೆ, ಉಳಿದದ್ದೆಲ್ಲ ಧಾರವಾಡದಲ್ಲಿದೆ. ಆತ ನನ್ನನ್ನೊಮ್ಮೆ, ನನ್ನ ಹಳೆಯ ಗೇರಿನ ಸ್ಕೂಟರನ್ನೊಮ್ಮೆ ನೋಡಿದ. ಇಲ್ಲಿ ಗ್ಯಾರೇಜಿನ ಬಾಯಲ್ಲಿ ಸಾಮಾನು ಎಂದರೆ ಬಿಡಿಭಾಗ. ಅದನ್ನು ಗಿರಾಕಿಯೇ ತರಬೇಕಂತೆ. ಊಟಕ್ಕೆ ಕರೆದು, ಎಲೆ ತಂದೀಯೇನು ಎಂದು ಕೇಳಿದ ಹಾಗೆ!

ಕಟ್ ಆಗಿದ್ದುದು ಬರೀ ಕ್ಲಚ್ ವಾಯರು. ಧಾರವಾಡದ ಬಾಬುಸಾಬ್ ಕಾಕಾ ಅವರ ಗ್ಯಾರೇಜಿನಲ್ಲಾದರೆ ಬಿಸ್ಕಿಟ್ ಡಬ್ಬಿಗಳ ಸಾಲಿನಲ್ಲಿ ಕಣ್ಣು ಮುಚ್ಚಿ ಕೈಹಾಕಿದರೂ ಸಿಗುತ್ತದೆ. ಸ್ಕೂಟರನ್ನು ರೈಲಿಗೆ ಹಾಕುವಾಗ ನನ್ನ ಅಣ್ಣ ಹಂಗಿಸಿದ್ದ: "ಒಂದ್ ವಾಯರ್ ಕಟ್ ಆಗ್ಲಿ, ಗಾಡಿ ಮಾರಿ ಅಳ್ಕೋತ ಬರ್ತಿ ನೋಡು." ಆ ಮಾತು ಒಂಬತ್ತೇ ದಿನಕ್ಕೆ ನಿಜವಾಗುವುದು ನನಗೆ ಬೇಕಿರಲಿಲ್ಲ.

"ಇದೆಂಥಾ ಗ್ಯಾರೇಜೋ, ಒಂದ್ ವಾಯರ್ ಸುದ್ದಾ ಇಲ್ಲ" ಎಂದು ಗೊಣಗಿದೆ.

"ಬೈಯೂದಿದ್ರ ಹಿಂದಿಯಾಗ ಬೈ ತಂಗಿ. ಕನ್ನಡ ನನಗ ತಿಳೀತೈತಿ."

ಗ್ಯಾರೇಜಿನವರ ಹೆಸರು ಮಲ್ಲಣ್ಣ, ವಿಜಯಪುರದ ಇಂಡಿ ಕಡೆಯವರು. ನನ್ನ ಏಕವಚನ ತಕ್ಷಣ ಬಹುವಚನವಾಯಿತು. ವಾದ ಮಾತ್ರ ನಿಲ್ಲಲಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದವಳು ನಾನು, ಇಲ್ಲಿನ ಮೂರು ಶಾಲೆಗಳಿಗೆ ಸ್ಕೂಟರ್ ಮೇಲೆ ಓಡಾಡಿ ಮಕ್ಕಳಿಗೆ ಚರ್ಚೆ ಕಲಿಸುವುದೇ ನನ್ನ ಹೊಟ್ಟೆಪಾಡು.

"ಡಾಕ್ಟರ್ ಅನಿಸ್ಕೊಂಡು ಔಷಧ ಇಲ್ಲಂದ್ರ ಹೆಂಗ್ರೀ ಅಣ್ಣಾರ?"

"ಡಾಕ್ಟರ್ ಚೀಟಿ ಬರೀತಾನ. ಔಷಧ ನೀ ತರ್ತಿ. ಹೌದಿಲ್ಲೊ?"

ಮೊದಲ ಸುತ್ತು ಸೋತೆ. "ನಾಕು ವಾಯರ್ ಇಟ್ರ ಏನ್ ಹೋಗ್ತೈತ್ರಿ?"

"ಜಾಗಾ ಹೋಗ್ತೈತಿ. ಖಾಲಿಪೀಲಿ ಸಾಮಾನ ತುಂಬಿ ನಾ ರಸ್ತಾದಾಗ ಕುಂಡ್ರಲೇನು?"

ಖಾಲಿಪೀಲಿ ಎಂದರೆ ಸುಮ್ಮಸುಮ್ಮನೆ. ಈ ಊರು ಕಲಿಸಿದ ಮೊದಲ ಪದ. ಅಂಗಡಿಯನ್ನು ಆಗ ಸರಿಯಾಗಿ ನೋಡಿದೆ. ಕೈ ಚಾಚಿದರೆ ಎರಡೂ ಗೋಡೆ ತಾಗುವಷ್ಟು ಅಗಲ. ನನ್ನ ಬಾಡಿಗೆಯ ಖೋಲಿಯೂ ಅಷ್ಟೇ. ಆದರೂ ವಾಯರನ್ನು ನೇತುಹಾಕಲು ಒಂದು ಮೊಳೆ ಸಾಕು. ಈ ವಾದವನ್ನು ನಾನು ಇಂದಿಗೂ ಬಿಟ್ಟುಕೊಟ್ಟಿಲ್ಲ.

ಮಲ್ಲಣ್ಣ ತುಂಡಾದ ವಾಯರನ್ನು ಎಳೆದು ತೆಗೆದು ನನ್ನ ಕೈಗಿಟ್ಟರು. "ಇದ ಚೀಟಿ. ಕುರ್ಲಾ ಬಜಾರಕ್ಕ ಹೋಗು. ಇದಕ್ಕ ಹಚ್ಚಿ ನೋಡಿ ತಗೊ."

ಲೋಕಲ್ ಹತ್ತಿದೆ. ಹಿಂದೆ ಹತ್ತಿದಾಗಲೆಲ್ಲ ಎರಡು ಪಾದ ಊರಲು ಜಾಗ ಕೊಡದ ಲೇಡೀಸ್ ಡಬ್ಬಿ, ಗ್ರೀಸು ಮೆತ್ತಿದ ಆ ವಾಯರನ್ನು ಕಂಡು ನನ್ನ ಸುತ್ತ ಒಂದು ಮೊಳ ಸರಿದು ನಿಂತಿತು. ಮಹಾರಾಣಿಯಂತೆ ಕುರ್ಲಾ ತಲುಪಿದೆ.

ವಾಯರು ಎರಡು ಕೊಂಡೆ. ಮರಳಿ ಬಂದು, "ನಾನ ಹಾಕ್ತೀನ್ರಿ" ಎಂದೆ. ಮಲ್ಲಣ್ಣ ನಕ್ಕು ಸ್ಪ್ಯಾನರ್ ಕೊಟ್ಟರು. ನಮ್ಮೂರಲ್ಲೂ ಅದು ಪಾನಾ, ಇಲ್ಲೂ ಪಾನಾ. ಈ ಒಂದನ್ನಾದರೂ ಹೊಸದಾಗಿ ಕಲಿಯಬೇಕಿರಲಿಲ್ಲ. ಎರಡು ಸಲ ತಪ್ಪಿ, ಮೂರನೆಯ ಸಲ ಕ್ಲಚ್ ಹಿಡಿಯಿತು. ಕಪ್ಪಾದ ಅಂಗೈಯ ಫೋಟೊವನ್ನು ಅಣ್ಣನಿಗೆ ಕಳಿಸಿದೆ, ಒಂದಕ್ಷರವನ್ನೂ ಬರೆಯದೆ. ಇನ್ನೊಂದು ವಾಯರು ಅಂದಿನಿಂದ ನನ್ನ ಡಿಕ್ಕಿಯಲ್ಲಿದೆ. ಮಲ್ಲಣ್ಣನವರ ಗೋಡೆಗೆ ಮೊಳೆ ಬೀಳಲಿಲ್ಲ. ನನ್ನ ಗಾಡಿಯೇ ಮೊಳೆಯಾಯಿತು.

ಮೊನ್ನೆ ಧಾರವಾಡಕ್ಕೆ ಹೋದಾಗ ಅಣ್ಣನ ಬೈಕಿನ ಕ್ಲಚ್ ವಾಯರು ಸವೆದಿತ್ತು. ಹೊರಡುವ ಮೊದಲೇ ಫೋನಿನಲ್ಲಿ ಇದು ತಿಳಿದಿದ್ದರಿಂದ ಕುರ್ಲಾದಿಂದಲೇ ಒಂದನ್ನು ಕೊಂಡೊಯ್ದಿದ್ದೆ. ಗ್ಯಾರೇಜಿಗೆ ಹೋದವಳೇ ಹೆಮ್ಮೆಯಿಂದ ಅದನ್ನು ಮುಂದಿಟ್ಟೆ. "ಸಾಮಾನು ತಂದೀನ್ರಿ ಕಾಕಾ."

ಬಾಬುಸಾಬ್ ಕಾಕಾ ಕೈಯಲ್ಲಿದ್ದ ಕೆಲಸ ನಿಲ್ಲಿಸಿದರು. ವಾಯರನ್ನು ನೋಡಿದರು, ಗೋಡೆಗುಂಟ ಇದ್ದ ತಮ್ಮ ಡಬ್ಬಿಗಳನ್ನು ನೋಡಿದರು.

"ಯಾಕವಾ, ನನ್ನ ಅಂಗಡಿ ಬಂದ್ ಆಗೇತಿ ಅಂತ ಯಾರರೆ ಹೇಳಿದ್ರೇನು?"

ಅವರು ತಮ್ಮ ಡಬ್ಬಿಯಿಂದಲೇ ವಾಯರು ತೆಗೆದು ಹಾಕಿದರು. ನನ್ನದನ್ನು ದುಂಡಗೆ ಸುತ್ತಿ, ಹಳೆಯ ಪೇಪರಿನಲ್ಲಿ ಕಟ್ಟಿ ಕೈಗಿಟ್ಟರು.

"ಮುಂಬೈಗೆ ಒಯ್ಯಿ. ನಿಮ್ಮೂರಾಗ ಸಿಗೂದಿಲ್ಲಂತ."