ನಾಲೆ ಮನೆ, ದಿಣ್ಣೆ ಮನೆ

ಎರಡು ಮನೆಗಳನ್ನೂ ಕಟ್ಟಿದ್ದು ಒಬ್ಬರೇ ಗಾರೆ ಸಾಬರು. ಎರಡಕ್ಕೂ ಒಂದೇ ಅಳತೆ. ಮುಂದೆ ಮೊಳಕಾಲೆತ್ತರದ ಜಗಲಿ, ಒಳಗೆ ಒಂದು ನಡುಮನೆ, ಒಂದು ಕೋಣೆ, ಹಿಂದಕ್ಕೆ ಒಲೆಮನೆ. ಎರಡಕ್ಕೂ ಮಂಗಳೂರು ಹೆಂಚು. ಬಾಗಿಲ ಚಿಲಕ ಕೂಡ ಒಂದೇ ಅಂಗಡಿಯದು. ಒಂದು ಮನೆ ಮಂಡ್ಯದ ಕೆಳಗಡೆ, ನಾಲೆಗೆ ಹತ್ತಿರ, ಹೊಸದಾಗಿ ಬೀದಿ ಎಳೆದ ಕಡೆ. ಇನ್ನೊಂದು ರೈಲು ಕಂಬಿ ದಾಟಿ ಮೇಲಕ್ಕೆ ಹೋದರೆ ಸಿಗುವ ಗರಸು ದಿಣ್ಣೆಯ ಮೇಲೆ. ಅಲ್ಲೂ ಹೊಸ ಬೀದಿಯೇ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿತ್ತು. ಆರಿಸಿದವಳು ನಾನು. ಆ ಮಾತನ್ನು ಬೇರೆ ಯಾರ ಮೇಲೂ ಹೊರಿಸುವ ಹಾಗಿಲ್ಲ.

ನಮ್ಮ ಊರು ಮದ್ದೂರು ಸೀಮೆಯ ಕೊಪ್ಪದ ಕಡೆ. ನಾನು ಮದುವೆಯಾಗಿ ಹೋದಾಗ ಅಲ್ಲಿ ರಾಗಿ, ಹುರುಳಿ, ಅವರೆ ಬಿಟ್ಟರೆ ಇನ್ನೇನೂ ಇರಲಿಲ್ಲ. ಆಮೇಲೆ ನಾಲೆ ನೀರು ಬಂತು. ಬಂದ ವರ್ಷ ಊರಿಗೆ ಊರೇ ಕುಣಿಯಿತು, ನಾನೂ ಕುಣಿದೆ. ಗದ್ದೆಯಾಯಿತು, ಕಬ್ಬಾಯಿತು, ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಅನ್ನ ವಾರದಲ್ಲಿ ಎರಡು ದಿನ ಕಂಡಿತು. ಅದರ ಹಿಂದೆಯೇ ಚಳಿಜ್ವರವೂ ಬಂತು. ಮನೆ ಹಿಂದಿನ ಕಣದಲ್ಲಿ, ಹಟ್ಟಿಯಲ್ಲಿ, ಎಲ್ಲೆಲ್ಲೂ ನೀರು ಜಿನುಗಿ ನಿಂತಿತು. ನನ್ನ ಮೊದಲ ಎರಡು ಗಂಡು ಮಕ್ಕಳಲ್ಲಿ ಒಂದು ಕೂಸು ಒಂದು ನಾಟಿಯ ಕಾಲಕ್ಕೆ ಹೋಯಿತು, ಇನ್ನೊಂದು ಮುಂದಿನ ನಾಟಿಯ ಕಾಲಕ್ಕೆ. ಹೊಟ್ಟೆಯ ಎಡಗಡೆ ಜ್ವರಗಡ್ಡೆ ಬೆಳೆದು ಕೈಯಿಟ್ಟರೆ ಕಲ್ಲಿನ ಹಾಗೆ ಸಿಗುತ್ತಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಊರಿನಲ್ಲಿ ಆಗ ಎಲ್ಲರ ಮನೆಯ ಮಕ್ಕಳೂ ಹಾಗೇ ಕಾಣುತ್ತಿದ್ದವು, ಆದ್ದರಿಂದ ಯಾರೂ ಯಾರಿಗೂ ಸಮಾಧಾನ ಹೇಳುತ್ತಿರಲಿಲ್ಲ.

ಮೂರನೆಯದು ಹೆಣ್ಣು. ಅದು ನಡೆಯಲು ಕಲಿತ ಮೇಲೆ ನಾನು ಗಂಡನಿಗೆ ಹೇಳಿದೆ, ಈ ಊರಿನಲ್ಲಿ ಇದನ್ನು ಇಟ್ಟುಕೊಂಡರೆ ಇದೂ ಹೋಗುತ್ತದೆ, ನೀನು ಬರುವುದಾದರೆ ಬಾ, ಇಲ್ಲದಿದ್ದರೆ ನಾನು ಎತ್ತಿಕೊಂಡು ಹೋಗುತ್ತೇನೆ ಎಂದು. ಅವನು ಮಾತು ಕಡಿಮೆಯ ಮನುಷ್ಯ. ಮಂಡ್ಯದ ಒಂದು ಅಕ್ಕಿ ಗಿರಣಿಯಲ್ಲಿ ಬಾಯ್ಲರಿಗೆ ಹೊಟ್ಟು ಎಸೆಯುವ ಕೆಲಸ ಹಿಡಿದ. ತನ್ನ ಪಾಲಿನ ಗದ್ದೆಯನ್ನು ಅಣ್ಣನಿಗೇ ಬಿಟ್ಟು, ಅಣ್ಣ ಕೊಟ್ಟದ್ದರಲ್ಲಿ ಒಂದು ಮನೆ ಕೊಳ್ಳುವುದೆಂದಾಯಿತು. ಅತ್ತೆಯೂ ನಮ್ಮ ಜೊತೆಗೇ ಹೊರಟಳು. ಅವಳಿಗೆ ಇದ್ದ ಮೊಮ್ಮಗಳೂ ಅದೊಂದೇ.

ಗಿರಣಿಗೆ ರಜೆಯಿದ್ದ ದಿನ ಮನೆ ನೋಡಲು ಹೋದೆವು. ಮೊದಲು ನಾಲೆ ಮನೆ. ಜಗಲಿಯಲ್ಲಿ ನಿಂತರೆ ನೀರಿನ ಸದ್ದು ಕೇಳಿಸುತ್ತಿತ್ತು. ಹಿತ್ತಲಲ್ಲಿ ಆಗಲೇ ಬಾಳೆ ಕಂದು ನೆಟ್ಟಿದ್ದರು, ಅದು ಎಲೆ ಬಿಟ್ಟು ನಿಂತಿತ್ತು. ಅತ್ತೆ ಒಳಗೆ ಹೋಗಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತೇಬಿಟ್ಟಳು.

"ಇಲ್ಲೇ ಇರಾನ ಬುಡು. ಬಿಂದಿಗೆ ಇಡ್ಕಂಡು ಬಾಗಿಲು ದಾಟುದ್ರೆ ನೀರು. ಇನ್ನೇನ್ ಬೇಕು?" ಅಂದಳು.

ನಾನು ಗೋಡೆಯ ಬುಡವನ್ನು ಕೈಯಿಂದ ಮುಟ್ಟಿ ನೋಡಿದೆ. ತಣ್ಣಗಿತ್ತು. ಸುಣ್ಣ ಬೆರಳಿಗೆ ಹತ್ತಿಕೊಂಡಿತು. ನಮ್ಮೂರಿನ ಮನೆಯ ಗೋಡೆಯೂ ಹಾಗೇ ಇತ್ತು.

ದಿಣ್ಣೆ ಮನೆಗೆ ಹೋದಾಗ ಬಿಸಿಲು ಏರಿತ್ತು. ಒಂದು ಗಿಡವಿಲ್ಲ, ಮರವಿಲ್ಲ. ಗಾಳಿ ಬೀಸಿ ಸೆರಗು ತಲೆಯ ಮೇಲೆ ನಿಲ್ಲಲಿಲ್ಲ. ಸಾಬರು ಅಲ್ಲೇ ಪಕ್ಕದ ಮನೆಯ ಗೋಡೆಗೆ ಗಾರೆ ಮೆತ್ತುತ್ತಿದ್ದರು. ನಾನು ಅವರ ಹತ್ತಿರ ಹೋಗಿ ಕೇಳಿದೆ.

"ಎರಡೂ ನೀವೇ ಕಟ್ಟಿರೋದಂತೆ. ನಿಮ್ಮ ಮಗಳಿಗೆ ಕೊಡೋದಾಗಿದ್ರೆ ಯಾವ್ದ ಕೊಡ್ತಿದ್ರಿ ಸಾಬ್ರೇ?"

"ಮಗಳಿಗೆ ಮನೆ ಕೊಡೋವಷ್ಟು ಇದ್ದಿದ್ರೆ ಊರೋರ ಗೋಡೆ ಯಾಕಮ್ಮ ಮೆತ್ತಾ ನಿಂತ್ಕೋತಿದ್ದೆ?"

"ತಮಾಸೆ ಬುಡಿ. ದಿಟ ಯೋಳಿ."

ಅವರು ಕರಣೆಯನ್ನು ಬಾಂಡ್ಲಿಯ ಅಂಚಿಗೆ ಒರೆಸಿದರು. "ಕೆಳಗಿನ ಮನೆ ಗೋಡೆ ತಿಂತದೆ ಕಣಮ್ಮ. ಪಾಯ ತೆಗೆದಾಗ ಮೊಳಕ್ಕೇ ನೀರು ಬಂತು. ಇದು ಆಳು ತಿಂತದೆ. ಬಾವಿ ತೆಗಿಯಾನ ಅಂತ ಹೋಗಿ ಎರಡು ಹಾರೆ ಬಗ್ಗಿಸಿದೀವಿ, ನೀರಿನ ಪಸೆ ಇಲ್ಲ. ದಿನಾ ನಾಲೆಯಿಂದ ಹೊತ್ತು ಹೊತ್ತು ಹೆಂಗಸ್ರ ಸೊಂಟ ಬೀಳ್ತದೆ."

"ನನ್ನ ಸೊಂಟ ತಾನೆ, ಬಿದ್ರೆ ಬೀಳ್ಲಿ," ಅಂದೆ.

"ನನ್ನ ಕೇಳಿದ್ರೆ ಎರಡರಲ್ಲೂ ಇರಾಕಿಲ್ಲ," ಅಂದು ಅವರು ಮತ್ತೆ ಗೋಡೆಯ ಕಡೆ ತಿರುಗಿದರು.

ಅವತ್ತು ಸಂಜೆ, ಮನೆ ಸಿಗುವ ತನಕ ಹಿಡಿದಿದ್ದ ಬಾಡಿಗೆ ಕೊಟ್ಟಿಗೆಯಲ್ಲಿ ಕೂತು ಜಗಳವಾಡಿದೆವು. ನೀರಿಲ್ಲದ ಮನೆಗೆ ಕಾಲಿಡುವುದಿಲ್ಲ ಅಂದಳು ಅತ್ತೆ. ನೀರಿದ್ದ ಮನೆಯಿಂದ ಎರಡು ಹೆಣ ಹೊರಗೆ ಕಳಿಸಿದ್ದೇನೆ ಅಂದೆ ನಾನು. ಆಗ ನಮಗೆಲ್ಲ ಗೊತ್ತಿದ್ದದ್ದು ಒಂದೇ. ನಾಲೆಯ ಹತ್ತಿರ ಇದ್ದವರಿಗೆ ಜ್ವರ, ದೂರ ಇದ್ದವರಿಗೆ ಇಲ್ಲ. ಆ ನೀರಿನ ಮೇಲೆ ಬೀಸಿ ಬರುವ ಗಾಳಿಯಲ್ಲೇ ಏನೋ ಇದೆ ಎಂದು ನಂಬಿದ್ದೆವು. ಗಂಡ ಕೊನೆಗೆ ನನ್ನ ಕಡೆ ನೋಡಿದ.

"ಎತ್ತವಳು ನೀನು. ನೀನೇ ಯೋಳು, ಯಾವ್ದು?"

ಕೂಸು ನನ್ನ ತೊಡೆಯ ಮೇಲಿತ್ತು. ಅದರ ಹೊಟ್ಟೆಯ ಎಡಗಡೆಗೆ ಬೆರಳು ಒತ್ತಿ ನೋಡಿದೆ. ಮೆತ್ತಗಿತ್ತು. ಕಚಗುಳಿಯಾಗಿ ನಕ್ಕಿತು.

"ದಿಣ್ಣೆ ಮನೆ," ಅಂದೆ.

ಹಾಲುಕ್ಕಿಸಿ ಒಕ್ಕಲಾದೆವು. ಬಾವಿಯಿಲ್ಲದ್ದರಿಂದ ಹಿತ್ತಲಲ್ಲಿ ಒಂದು ತೊಟ್ಟಿ ಬೇಕೇಬೇಕಾಯಿತು. ಸಾಬರೇ ಬಂದು ಎದೆಯೆತ್ತರದ ತೊಟ್ಟಿ ಕಟ್ಟಿಕೊಟ್ಟರು, ಬುಡದಲ್ಲಿ ಒಂದು ತೂತು, ಅದಕ್ಕೆ ಬಟ್ಟೆ ಸುತ್ತಿದ ಬಿರಡೆ. ತುಂಬಿಸುವುದಕ್ಕೆ ನಾನೂ ಅತ್ತೆಯೂ ಮೂರು ದಿನ ಹೊತ್ತೆವು. ಕಂಬಿ ದಾಟುವಾಗ ಗಾಡಿ ಬಂದರೆ ತಲೆಯ ಮೇಲೊಂದು, ಕಂಕುಳಲ್ಲೊಂದು ಬಿಂದಿಗೆ ಇಟ್ಟುಕೊಂಡು ಕೊನೆಯ ಡಬ್ಬಿ ಹೋಗುವ ತನಕ ನಿಂತಿರಬೇಕು. ಗಾಡಿಯ ಕಿಟಕಿಯಲ್ಲಿ ಕೂತ ಮೈಸೂರಿನವರು ನಮ್ಮನ್ನು ನೋಡುತ್ತಾ ಹೋಗುತ್ತಿದ್ದರು.

ತೊಟ್ಟಿ ತುಂಬಿದ ದಿನ ಅತ್ತೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು ನನಗೆ ಹೇಳಿದಳು, "ನೋಡವ್ವ, ವೊಸಾ ಮನೆ ತೊಟ್ಟಿ ವರ್ಸ ತುಂಬೋಗಂಟ ತಳ ಕಾಣ್‌ಬಾರ್ದು. ತಳ ಕಂಡ್ರೆ ಮನೆ ಮಡಿಲು ಬರಿದಾಯ್ತದೆ."

ಇಂಥ ಮಾತು ಅವಳ ಬಾಯಲ್ಲಿ ದಿನಕ್ಕೆ ಹತ್ತು ಬರುತ್ತಿದ್ದವು. ಒಂಬತ್ತನ್ನು ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇದನ್ನು ಹಾಕಿಕೊಂಡೆ. ಎರಡು ಸಲ ಮಡಿಲು ಬರಿದಾದವಳು ಹಾಕಿಕೊಳ್ಳದೆ ಏನು ಮಾಡುತ್ತಾಳೆ? ಅತ್ತೆ ಮರೆತರೂ ನಾನು ಮರೆಯಲಿಲ್ಲ. ಗೇಣು ಇಳಿದರೆ ಗೇಣು ತುಂಬಿದೆ. ಮೇಲಿನ ನೀರನ್ನು ಬಳಸುವುದು, ಅಷ್ಟನ್ನೇ ಮತ್ತೆ ಸುರಿಯುವುದು. ತಳದ ನೀರು ಅಲುಗಲೇ ಇಲ್ಲ. ನಾಲೆಯಿಂದ ತಂದಾಗ ಕೆಂಪಗಿದ್ದ ನೀರು ನಿಂತು ನಿಂತು ಕನ್ನಡಿಯಾಗುತ್ತಿತ್ತು. ಬೀದಿಯ ಹೆಂಗಸರು ಬಂದು ಬಗ್ಗಿ ನೋಡಿ, ನಿನ್ನ ತೊಟ್ಟಿ ನೀರು ಎಷ್ಟು ತಿಳಿಯವ್ವ ಅನ್ನುತ್ತಿದ್ದರು. ನೋಡಿಕೊಂಡು ಹೋಗಿ ತಾವೂ ಕಟ್ಟಿಸಿದರು. ಎಂಟು ಮನೆ, ಎಂಟು ತೊಟ್ಟಿ.

ನೀರಿನಲ್ಲಿ ಕೂದಲಿನಷ್ಟು ಸಣ್ಣ ಹುಳ ಕುಣಿಯುತ್ತಿದ್ದವು. ನಾನು ಒಂದು ಸಲ ಅತ್ತೆಗೆ ತೋರಿಸಿದೆ.

"ಒಳ್ಳೇದೇ ಆಯ್ತು ಬುಡು," ಅಂದಳು. "ಉಳ ಬದುಕೋ ನೀರಲ್ಲಿ ಇಸ ಇರಾಕಿಲ್ಲ. ಸೋಸ್ಕಂಡು ಕುಡಿ."

ಹಳೆ ಸೀರೆಯ ತುಂಡಿನಲ್ಲಿ ಸೋಸಿ ಕುಡಿದೆವು. ಬಟ್ಟೆಗೆ ಹತ್ತಿದ ಹುಳಗಳಿಗೂ ಜೀವವಿದೆ ಎಂದು ಬಟ್ಟೆಯನ್ನು ಮತ್ತೆ ತೊಟ್ಟಿಯಲ್ಲೇ ಜಾಲಿಸುತ್ತಿದ್ದೆ. ಪುಣ್ಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಬೇಸಿಗೆ ಕಳೆಯಿತು. ಮಗಳು ಗಟ್ಟಿಯಾದಳು. ಜಗಲಿಯ ಮೇಲೆ ಕೂತು ಗಾಡಿ ಎಣಿಸುತ್ತಿದ್ದಳು, ಎರಡರ ಆಚೆ ಬಾರದು, ಮತ್ತೆ ಒಂದು ಅನ್ನುತ್ತಿದ್ದಳು. ನಾಲೆ ಮನೆಯನ್ನು ಒಬ್ಬ ಗುಮಾಸ್ತರು ತೆಗೆದುಕೊಂಡಿದ್ದರು. ನೀರಿಗೆ ಹೋದಾಗ ಅವರ ಹೆಂಡತಿ ಸಿಗುತ್ತಿದ್ದಳು. ಅವಳ ಮೂರು ಮಕ್ಕಳಿಗೆ ಜ್ವರವಂತೆ ಎಂದು ಕೇಳಿದ ದಿನ ನನಗೆ ಒಳಗೊಳಗೆ ಸಮಾಧಾನವೇ ಆಯಿತು. ಸುಳ್ಳು ಹೇಳುವುದಿಲ್ಲ. ನಾನು ಸರಿಯಾಗಿ ಆರಿಸಿದೆ ಅಂದುಕೊಂಡು ಬಿಂದಿಗೆ ಎತ್ತಿಕೊಂಡು ಬಂದೆ.

ಮಳೆಗಾಲದ ಕೊನೆಗೆ ಮಗಳಿಗೆ ನಡುಕ ಹತ್ತಿತು. ಮಧ್ಯಾಹ್ನ ಚಳಿ, ಆಮೇಲೆ ಬೆಂಕಿಯಂಥ ಜ್ವರ, ಆಮೇಲೆ ಬೆವರು. ಮಾರನೆಯ ದಿನ ಎದ್ದು ಆಡಿದಳು. ಅದರ ಮಾರನೆಯ ದಿನ ಮತ್ತೆ ಅದೇ ಹೊತ್ತಿಗೆ ಚಳಿ. ಆ ಲೆಕ್ಕ ನನಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಹೊಟ್ಟೆಗೆ ಬೆರಳು ಒತ್ತಿ ನೋಡಲು ನಾಲ್ಕು ದಿನ ಧೈರ್ಯ ಬರಲಿಲ್ಲ. ಒತ್ತಿದಾಗ ಸಿಕ್ಕಿತು.

ಆಸ್ಪತ್ರೆಯಲ್ಲಿ ಕಹಿ ಮಾತ್ರೆ ಕೊಟ್ಟರು, ಇಷ್ಟೇ ಇಷ್ಟು. ಯುದ್ಧದ ಕಾಲ. ಮಾತ್ರೆಗೆ ತೊಗಟೆ ಕೊಡುವ ಮರ ಇರುವ ಸೀಮೆಯೇ ಶತ್ರುಗಳ ಕೈಗೆ ಹೋಗಿದೆ, ಬರುವುದಿಲ್ಲ ಅಂದರು. ಗಂಡ ಮದ್ದೂರಿಗೆ ಹೋಗಿ ಕೇಳಿದ, ಮಳವಳ್ಳಿಗೂ ಹೋಗಿ ಬಂದ. ಎಲ್ಲ ಕಡೆಯೂ ಇಲ್ಲ ಅನ್ನುವ ಮಾತೇ.

ಅವನೇ ಒಂದು ದಿನ ಕೆಳಗಡೆ ಬೀದಿಯಲ್ಲಿ ಎಣ್ಣೆ ಹೊಡೆಯುತ್ತಿದ್ದ ಸೊಳ್ಳೆ ಜವಾನನನ್ನು ಕೈಹಿಡಿದು ಕರೆದುಕೊಂಡು ಬಂದ. ಬೆನ್ನಿಗೆ ಡಬ್ಬಿ ಕಟ್ಟಿಕೊಂಡ ಆ ಜವಾನರು ನಾಲೆ ಕಡೆಯ ಬೀದಿಗಳಿಗೆ ವಾರಕ್ಕೊಮ್ಮೆ ಬಂದು, ಗುಂಡಿ ಗುಂಡಿಗೂ ಕಪ್ಪು ಎಣ್ಣೆ ಹೊಡೆದು ಹೋಗುತ್ತಿದ್ದರು. ನಮ್ಮ ಬೀದಿಗೆ ಒಮ್ಮೆಯೂ ಬಂದಿರಲಿಲ್ಲ.

"ಇದು ಒಣ ಜಾಗ ಕಣಯ್ಯ. ನಮ್ಮ ಪಟ್ಟೀಲೇ ಇಲ್ಲ. ಇಲ್ಲಿ ನೀರೆಲ್ಲಿ ಅದೆ?" ಎಂದು ಗೊಣಗುತ್ತಾ ಹಿತ್ತಲಿಗೆ ಬಂದವನು ತೊಟ್ಟಿಯನ್ನು ನೋಡಿ ಹತ್ತಿರ ಹೋದ. ಉದ್ದ ಹಿಡಿಯ ಸೌಟಿನಿಂದ ನೀರು ಮೊಗೆದು ಬಿಸಿಲಿಗೆ ಹಿಡಿದ.

"ಈ ತೊಟ್ಟಿ ಯಾವಾಗ ತೊಳೆದಿದ್ದು?"

"ತೊಳ್ದೇ ಇಲ್ಲ. ತಳ ಕಾಣ್‌ಬಾರ್ದು," ಅಂದೆ.

"ಯಾರು ಹೇಳಿದ್ದು?"

ನಾನು ಅತ್ತೆಯ ಮುಖ ನೋಡಲಿಲ್ಲ. "ನಾನೇ ತೊಳೀಲಿಲ್ಲ," ಅಂದೆ.

ಅವನು ಸೌಟನ್ನು ನನ್ನ ಮೂಗಿನ ಹತ್ತಿರ ತಂದ. "ಇವೇ ಕಣಮ್ಮ. ಈ ಹುಳಕ್ಕೆ ರೆಕ್ಕೆ ಬಂದ್ರೆ ಸೊಳ್ಳೆ. ಸೊಳ್ಳೆ ಕಚ್ಚಿದ್ರೆ ಜ್ವರ. ಓಡೋ ನಾಲೆಗಿಂತ ನಿಂತ ತಿಳಿನೀರೇ ಇದಕ್ಕೆ ಇಷ್ಟ. ನೀನು ಮನೇಲೇ ಸಾಕ್ಕೊಂಡಿದೀಯ."

ಅತ್ತೆ ತೊಟ್ಟಿಯ ಮುಂದೆ ಅಡ್ಡ ನಿಂತಳು. "ವರ್ಸ ತುಂಬಕ್ಕೆ ಇನ್ನೆರಡು ತಿಂಗಳು ಅದೆ ಕಣೆ. ಕೂಸು ಮಲಗಿರೋ ಒತ್ನಲ್ಲಿ ಬರಿದು ಮಾಡ್ಬ್ಯಾಡ," ಅಂದಳು. ನಾನು ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿ ಬಿರಡೆ ಕಿತ್ತೆ. ನೀರು ಗರಸಿನ ಮೇಲೆ ಹರಿದು ಹೋಯಿತು. ಎಷ್ಟು ದಿನ ಹೊತ್ತ ನೀರು, ಒಂದು ಎಲೆ ಅಡಿಕೆ ಹಾಕುವಷ್ಟರಲ್ಲಿ ಮುಗಿಯಿತು. ತಳದಲ್ಲಿ ಕೆಸರು ಕೂತಿತ್ತು.

ಮಗಳು ಅದಾದ ಮೇಲೆ ಹನ್ನೊಂದು ದಿನ ಇದ್ದಳು. ಕೊನೆಯ ಚಳಿ ಬಂದದ್ದು ಬೆಳಗ್ಗೆ, ಗಂಡ ಗಿರಣಿಗೆ ಹೋದ ಮೇಲೆ. ಗೋಣಿ, ಕಂಬಳಿ, ನನ್ನ ಸೀರೆ ಎಲ್ಲ ಹೊದಿಸಿದೆ, ನಡುಕ ನಿಲ್ಲಲಿಲ್ಲ. ಆಮೇಲೆ ನಿಂತಿತು.

ಅತ್ತೆ ಸಾಯುವ ತನಕ ತೊಟ್ಟಿ ಬರಿದು ಮಾಡಿದ್ದಕ್ಕೇ ಕೂಸು ಹೋಯಿತು ಎಂದು ನಂಬಿದ್ದಳು. ನಾನು ವಾದ ಮಾಡಲಿಲ್ಲ. ಅವಳು ಹೇಳುವುದೂ ನಾನೇ ಎಂದು, ಜವಾನ ಹೇಳಿದ್ದೂ ನಾನೇ ಎಂದು. ಯಾವ ಕಡೆಯಿಂದ ಬಂದರೂ ನನ್ನ ಬಾಗಿಲಿಗೇ ಬಂದು ನಿಲ್ಲುವ ಮಾತಿಗೆ ವಾದ ಏತಕ್ಕೆ?

ಗುಮಾಸ್ತರ ಮನೆಯ ಮೂರು ಮಕ್ಕಳೂ ಬದುಕಿಕೊಂಡವು. ಅವುಗಳಿಗೆ ಜ್ವರ ಬಂತು, ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಗೋಡೆ ಮಾತ್ರ ಸಾಬರು ಹೇಳಿದ ಹಾಗೆ ಉದುರುತ್ತಲೇ ಇತ್ತು. ಎರಡು ವರ್ಷದ ಮೇಲೆ ಗುಮಾಸ್ತರಿಗೆ ಬೇರೆ ಊರಿಗೆ ವರ್ಗವಾಯಿತು. ಗಂಡ ಗಿರಣಿಯಿಂದ ಬಂದು ಜಗಲಿಯಲ್ಲಿ ಕೂತು, ಕಾಲಿಗೆ ಹತ್ತಿದ ಹೊಟ್ಟು ಕೊಡವುತ್ತಾ ಹೇಳಿದ.

"ನಾಲೆ ಮನೆ ಖಾಲಿ ಆಯ್ತದಂತೆ. ಇದ ಕೊಟ್ಟು ಅದ ತಗಳಾದಾದ್ರೆ ತಗಬೋದು. ವಾರಾವಾರ ಎಣ್ಣೆ ವಡಿತಾರೆ ಅಲ್ಲಿ."

ನಾನು ರಾಗಿ ಕೇರುತ್ತಿದ್ದೆ. ಮೊರ ಕೆಳಗಿಟ್ಟೆ.

"ಯಾರಿಗೋಸ್ಕರ?" ಅಂದೆ.

ಅವನು ಇನ್ನೊಂದು ಕಾಲನ್ನೂ ಕೊಡವಿಕೊಂಡ. ನಾನು ಒಳಗೆ ಹೋಗಿ ಮುದ್ದೆಗೆ ಎಸರಿಟ್ಟೆ.